ಆಟಾ ಆಡಸಾಕ ಡಿಗ್ರಿ ಯಾಕ?

ಮೂರು ವರ್ಷದ ಹಿಂದಿನ ಮಾತು. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಒಲಿಕಟ್ಟಿ ಒರಸ್ತಿದ್ದೆ. ಕೆನಡಾದಿಂದ ನಮ್ಮ ನೆಗೆಣ್ಣಿ ಫೋನ್ ಬಂತು. "ಯಕ್ಕಾ, ಹುಡುಗಿ ಕೈ ಬಿಟ್ಟು ಹೋತು ನೋಡು" ಅಂತ ಅಳಾಕ ಹತ್ತಿದ್ಲು. ನನ್ನ ಎದಿ ಧಸಕ್ಕಂತು. ಯಾವನರ ಹುಡುಗನ್ನ ನೋಡ್ಕೊಂಡಾಳೋ ಏನೋ ಅನ್ಕೊಂಡೆ. ಕೇಳಿದ್ರ ಅದಲ್ಲ. ಹುಡುಗಿ ವಾಟರ್‌ಲೂ ಯೂನಿವರ್ಸಿಟಿಯೊಳಗ ರಿಕ್ರಿಯೇಶನ್ ಅನ್ನೋ ವಿಷಯ ತಗೊಂಡಾಳಂತ.

"ಹಂಗಂದ್ರೇನ?" ಅಂದೆ.

"ಮಂದಿಗೆ ಆಟಾ ಆಡಸೋದು, ಯಕ್ಕಾ. ಸೈನ್ಸಿನೊಳಗ ಅಷ್ಟು ಮಾರ್ಕ್ಸ್ ತಗೊಂಡು ಆಟಾ ಆಡಸಾಕ ಹೊಂಟಾಳ."

ಖರೆ ಹೇಳ್ತೀನಿ, ಫೋನ್ ಇಟ್ಟ ಮ್ಯಾಲ ನಾನೂ ನಕ್ಕೆ. ನಮ್ಮನಿಯವರಂತೂ "ಚಿಣಿಫಣಿಗೆ ಡಿಗ್ರಿ ಇದ್ದಿದ್ರ ನಾ ಪ್ರೊಫೆಸರ್ ಆಗಿರ್ತಿದ್ದೆ" ಅಂದ್ರು.

ಹೋದ ವರ್ಷ ಮಗಳ ಬಾಣಂತನಕ್ಕ ಕಿಚನರ್ ಊರಿಗೆ ಹೋಗಿದ್ದೆ. ವಾಟರ್‌ಲೂ ಅದಕ್ಕ ಅಂಟಿಕೊಂಡೇ ಐತಿ. ಹುಬ್ಬಳ್ಳಿ-ಧಾರವಾಡದ ನಡುವ ಇರೋವಷ್ಟು ಅಂತರಾನೂ ಇಲ್ಲ. ಹುಡುಗಿ ಪ್ರತಿ ರವಿವಾರ ರೊಟ್ಟಿ ಉಣ್ಣಾಕ ಬರ್ತಿದ್ಲು. ಒಂದಿನ ಕೇಳೇಬಿಟ್ಟೆ, "ಏನ್ ಕಲಸ್ತಾರವ್ವಾ ಅಲ್ಲಿ?" ಅಂತ.

ಆಕಿ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಕುಂತು ತಿಳಿಸಿ ಹೇಳಿದ್ಲು. ಆ ವಿಭಾಗ 1968ರಾಗ ಸುರು ಆಗಿದ್ದಂತ. ಮನುಷ್ಯಾರ ಮನಸ್ಸಿನ ವಿಷಯ, ಮುಪ್ಪಿನ ವಿಷಯ, ಲೆಕ್ಕ-ಅಂಕಿಸಂಖ್ಯೆ, ಒಂದು ಕಾರ್ಯಕ್ರಮಕ್ಕ ರೊಕ್ಕ ಎಷ್ಟು ಬೇಕಂತ ಅಂದಾಜು ಹಾಕೋದು, ಯಾರಿಗೂ ಪೆಟ್ಟಾಗಧಂಗ ನೋಡ್ಕೊಳ್ಳೋದು, ಇವೆಲ್ಲಾ ಓದಬೇಕು. ಓದಿನ ನಡುವ ನಾಕ್ನಾಕು ತಿಂಗಳು ಹೊರಗ ಹೋಗಿ ಪಗಾರದ ಮ್ಯಾಲ ಕೆಲಸಾನೂ ಮಾಡಬಹುದು. ಅದಕ್ಕ ಕೋ-ಆಪ್ ಅಂತಾರ.

ಮುಂದ ಕೆಲಸ ಏನಂದ್ರ, ನಾ ಅಲ್ಲಿ ಕಣ್ಣಾರೆ ನೋಡಿದ್ದು ಹೇಳ್ತೀನಿ. ಊರೂರಿಗೂ ನಗರಸಭೆಯವರು ಕಮ್ಯುನಿಟಿ ಸೆಂಟರ್ ಕಟ್ಟಿಸ್ಯಾರ. ಅಲ್ಲಿ ಈಜುಕೊಳ ಐತಿ, ಬರ್ಫದ ಮ್ಯಾಲ ಜಾರೋ ಮೈದಾನ ಐತಿ, ವಯಸ್ಸಾದವರಿಗೆ ವ್ಯಾಯಾಮ ಐತಿ. ಜುಲೈ-ಅಗಸ್ಟಿನಾಗ ಸಾಲಿ ಸೂಟಿ ಬಿಟ್ಟಾಗ ಹುಡುಗರಿಗೆ ಕ್ಯಾಂಪ್ ನಡಸ್ತಾರ. ಇದನ್ನೆಲ್ಲಾ ನಡಸಾಕ ಮಂದಿ ಬೇಕಲ್ಲ? ಅಲ್ಲಿ ಇವರಿಗೆ ಕೆಲಸ. ಇನ್ನ ಬ್ಯಾಂಫ್‌ನಂಥಾ ದೊಡ್ಡ ರಾಷ್ಟ್ರೀಯ ಉದ್ಯಾನಗಳು, ಕ್ರೀಡಾ ಕ್ಲಬ್ಬುಗಳು, ಪ್ರವಾಸದ ಕಂಪನಿಗಳು, ಅಂಗವಿಕಲರಿಗೆ ಆಟ ಹೊಂದಿಸಿಕೊಡೋ ಸಂಸ್ಥೆಗಳು. ಡಾಕ್ಟರ್ ಪಗಾರ ಬರಂಗಿಲ್ಲ, ಅದನ್ನ ಆಕೀನ ಮೊದಲು ಹೇಳಿದ್ಲು. "ಆದ್ರ ಹೊಟ್ಟಿಗೆ ಸಾಕಾಗತೈತಿ, ದೊಡ್ಡವ್ವಾ."

ಆಕಿ ಆರಿಸಿಕೊಂಡಿದ್ದು ದವಾಖಾನಿ ಮತ್ತ ವೃದ್ಧರ ಮನಿಗೆ ಸಂಬಂಧಪಟ್ಟ ಕವಲು, ಥೆರಪ್ಯೂಟಿಕ್ ರಿಕ್ರಿಯೇಶನ್. ಆಟ, ಹಾಡು, ತೋಟದ ಕೆಲಸ ಇವುಗಳಿಂದ ರೋಗಿಗಳ ಕೈಕಾಲಿಗೆ, ಮನಸ್ಸಿಗೆ ಚೈತನ್ಯ ತರೋದು. ಅದಕ್ಕ ಅಮೇರಿಕಾದ ಒಂದು ಸರ್ಟಿಫಿಕೇಟ್ ಐತಿ. ಡಿಗ್ರಿ ಬೇಕು, 560 ತಾಸು ಇಂಟರ್ನ್‌ಶಿಪ್ ಮಾಡಬೇಕು, ಮ್ಯಾಲ ಪರೀಕ್ಷಾ ಪಾಸಾಗಬೇಕು. ಇನ್ನೊಂದು ಮಾತು ಕೇಳಿ ನಾ ಬೆರಗಾದೆ. ಆ ಒಂಟಾರಿಯೋ ಪ್ರಾಂತದಾಗ ವೃದ್ಧರ ಮನಿಗಳಿಗೆ ಅಂತ 2021ರ ಕಾಯ್ದೆ ಐತಿ. ಊಟ, ಔಷಧ ಕೊಟ್ರ ಸಾಲಂಗಿಲ್ಲ, ಮನರಂಜನೆಯ ವ್ಯವಸ್ಥೆಯೂ ಇರಲೇಬೇಕು, ಅದನ್ನ ನೋಡ್ಕೊಳ್ಳೋ ಮುಖ್ಯಸ್ಥರು ಇಂಥದ್ದೇ ಓದು ಓದಿರಬೇಕು ಅಂತ ನಿಯಮ. ಆಟಕ್ಕ ಕಾಯ್ದೆ! ನಮ್ಮನಿಯವರಿಗೆ ಅವತ್ತೇ ಫೋನ್ ಮಾಡಿ ಹೇಳಿದೆ.

ಒಂದು ಶನಿವಾರ ತಾನು ಕೆಲಸ ಮಾಡೋ ವೃದ್ಧರ ಮನಿಗೆ ನನ್ನೂ ಕರಕೊಂಡು ಹೋದ್ಲು. ಬೆಳಕಿನ ದೊಡ್ಡ ಕೋಣಿ. ಕಿಡಕಿ ಹತ್ರ ಗಾಲಿಕುರ್ಚಿಯೊಳಗ ಒಬ್ಬ ಅಜ್ಜಿ ಕುಂತಿದ್ಲು. ಲಕ್ವಾ ಹೊಡದು ಬಲಗೈ ತೊಡಿ ಮ್ಯಾಲ ಸುಮ್ನ ಬಿದ್ದಿತ್ತು. ಆಕಿ ಮುಂದ ಸಣ್ಣದೊಂದು ಕಟ್ಟಿಗಿ ತುಂಡು, ಅದರಾಗ ಉದ್ದಕ ಸೀಳಿದ ಗೀರು. ಆ ಗೀರಿನ್ಯಾಗ ಇಸ್ಪೀಟ್ ಎಲಿ ನಿಲ್ಲಿಸಿದ್ರು. ಅಜ್ಜಿ ಎಡಗೈಲೆ ಒಂದೊಂದ ಎಲಿ ಕಿತ್ತು ಟೇಬಲ್ ಮ್ಯಾಲ ಬಡೀತಿದ್ಲು. ಎದುರಿಗಿದ್ದ ಮುದುಕಪ್ಪ ಸೋತು ಗೊಣಗಿದಾಗ ಆಕಿ ಅರ್ಧ ಬಾಯಿಲೆ ನಕ್ಕಿದ್ದು ಈಗಲೂ ನನ್ನ ಕಣ್ಣಾಗ ಐತಿ.

"ಆಕಿ ಮೊದಲು ಕೋಣಿ ಬಿಟ್ಟು ಹೊರಗ ಬರ್ತಿದ್ದಿಲ್ಲ" ಅಂದ್ಲು ಹುಡುಗಿ. ಯಾರರ ಹೊಸಬರು ಬಂದ್ರ ಇವರು ಮೊದಲು ಕುಂತು ಕೇಳ್ತಾರಂತ. ಹರೇದಾಗ ಏನ್ ಮಾಡ್ತಿದ್ರಿ? ಏನ್ ಮಾಡಿದ್ರ ನಿಮಗ ಹೊತ್ತು ಹೋಗಿದ್ದು ತಿಳೀತಿದ್ದಿಲ್ಲ? ಈಗ ಏನ್ ಮಾಡಾಕ ಆಗತೈತಿ, ಏನ್ ಆಗಂಗಿಲ್ಲ? ಇದನ್ನೆಲ್ಲಾ ಬರಕೊಂಡು, ಆ ಮನುಷ್ಯಾರಿಗೆ ಹೊಂದೋ ಹಂಗ ಯೋಜನಾ ಹಾಕಿ, ಸ್ವಲ್ಪ ದಿನಾ ಬಿಟ್ಟು ಉಪಯೋಗ ಆತೋ ಇಲ್ಲೋ ಅಂತ ಮತ್ತ ನೋಡ್ತಾರ.

ತಿರುಗಿ ಬರುವಾಗ ಬಸ್ಸಿನ್ಯಾಗ ಆಕಿ ಕೇಳಿದ್ಲು, "ದೊಡ್ಡವ್ವಾ, ನಮ್ಮ ಅಮ್ಮಗ ಏನ್ ಸೇರ್ತಿತ್ತು?"

ನನ್ನ ಅತ್ತೀನ ಹುಡುಗರೆಲ್ಲಾ ಅಮ್ಮ ಅಂತಿದ್ರು. ನಮ್ಮತ್ತಿ ಲಕ್ವಾ ಹೊಡದು ನಾಕು ವರ್ಷ ಹಾಸಿಗಿ ಹಿಡದಿದ್ಲು. ಆಕೀದೂ ಬಲಗೈನ. ಸೇವಾ ಮಾಡಿದವಳು ನಾನು. ಹೊತ್ತೊತ್ತಿಗೆ ಗಂಜಿ, ಗುಳಿಗಿ, ಮಗ್ಗಲು ಹೊಳ್ಳಿಸೋದು, ಅರಿವಿ ಬದಲಿಸೋದು. ಬೆನ್ನಿಗೆ ಒಂದು ಹುಣ್ಣು ಆಗಗೊಡಲಿಲ್ಲ. ಬಂದ ಬೀಗರೆಲ್ಲಾ "ಸೊಸಿ ಅಂದ್ರ ಹಿಂಗಿರಬೇಕು" ಅಂತ ಹೊಗಳಿದ್ರು. ನಾನೂ ಹಂಗಂತ ನಂಬಿದ್ದೆ.

ಆದ್ರ ಆಕಿಗೆ ಏನ್ ಸೇರ್ತಿತ್ತು? ಪಗಡಿ. ಪಂಚಮಿ ಬಂತಂದ್ರ ಇಡೀ ಓಣಿ ಹೆಣ್ಮಕ್ಕಳನ್ನ ಸೋಲಸ್ತಿದ್ಲು. ಹಾಸಿಗಿ ಹಿಡದ ಮ್ಯಾಲ ಪಗಡಿ ಅರಿವಿ, ಕವಡಿ ಎಲ್ಲಾ ಗಂಟು ಕಟ್ಟಿ ಟ್ರಂಕಿನ್ಯಾಗ ಇಟ್ಟವಳೂ ನಾನ. ಹಗಲೆಲ್ಲಾ ಆಕಿ ಜಂತಿ ನೋಡ್ಕೋತ ಮಲಗಿರ್ತಿದ್ಲು. ಜಂತಿ ಎಣಸ್ತಾಳ ಅಂತ ನಾವು ಚಾಷ್ಟಿ ಮಾಡ್ತಿದ್ವಿ.

ಕವಡಿ ಒಗಿಯಾಕ ಒಂದು ಕೈ ಸಾಕಿತ್ತು. ಎಡಗೈ ನೆಟ್ಟಗಿತ್ತು. ಅದಕ್ಕ ಸೀಳಿದ ಕಟ್ಟಿಗಿ ಸೈತ ಬೇಕಿದ್ದಿಲ್ಲ. ನಾಕು ವರ್ಷದಾಗ ಒಂದು ದಿನಾನೂ ನನಗದು ಹೊಳೀಲಿಲ್ಲ.

ಹುಡುಗಿಗೆ "ಪಗಡಿ" ಅಂತ ಅಷ್ಟ ಹೇಳಿದೆ. ಆಕಿಗೆ ಅದು ಏನಂತ ಗೊತ್ತಿದ್ದಿಲ್ಲ. ಮನಿ ಮುಟ್ಟೂತನಾ ಕಿಡಕಿ ಹೊರಗ ನೋಡ್ಕೋತ ಕುಂತೆ.

ನಮ್ಮ ನೆಗೆಣ್ಣಿ ಈಗ ಕೇಳಿದವರಿಗೆ "ಮಗಳು ದವಾಖಾನಿ ಲೈನಿನ್ಯಾಗ ಅದಾಳ" ಅಂತಾಳ. ರಿಕ್ರಿಯೇಶನ್ ಅನ್ನಾಕ ಇನ್ನೂ ನಾಲಿಗಿ ಹೊಳ್ಳವಲ್ದು. ನಾ ಮಾತ್ರ ನಗೋದು ಬಿಟ್ಟೀನಿ.

ಊರಿಗೆ ಬಂದ ಮ್ಯಾಲ ಟ್ರಂಕ್ ತಗದೆ. ಕವಡಿ ಹಂಗ ಇದ್ವು, ಅರಿವಿಗೆ ಮಾತ್ರ ಒಂದು ಮೂಲ್ಯಾಗ ನುಸಿ ಹಿಡದಿತ್ತು. ಹೊಲದು ಸರಿ ಮಾಡಿದೆ. ನಮ್ಮ ಓಣಿ ಕಡೀ ಮನಿ ಅಜ್ಜಿ ಬಿದ್ದು ಟೊಂಕ ಮುರಕೊಂಡು ಕುಂತಾಳಲ್ಲ, ಆಕೀ ಮನಿಗೆ ದಿನಾ ಮಧ್ಯಾಹ್ನ ಹೊಂಟೀನಿ. ನಿಮ್ಮ ಮನ್ಯಾಗೂ ಹಿರ್ಯಾರಿದ್ರ ಗುಳಿಗಿ ಕೊಡುವಾಗ ಒಂದು ಮಾತು ಕೇಳ್ರಿ, ಏನ್ ಸೇರ್ತಿತ್ತು ಅಂತ. ಮಧ್ಯಾಹ್ನ ಹೊತ್ತಿದ್ರ ನಮ್ಮ ಜೋಡಿ ಆಡಾಕ ಬರ್ರಿ, ಇನ್ನಿಬ್ಬರು ಬೇಕಾಗ್ಯಾರ. ಮೊದಲ ಹೇಳಿರ್ತೀನಿ, ಅಜ್ಜಿ ಕಾಯಿ ನಡಸುವಾಗ ಒಂದು ಮನಿ ಹೆಚ್ಚಿಗೆ ನಡಸ್ತಾಳ. ಕೇಳಿದ್ರ ಕಣ್ಣು ಕಾಣಂಗಿಲ್ಲ ಅಂತಾಳ.