ಷಾರ್ಲಟ್ ಕೆರೆಯ ಅರ್ಧ

ಮುಂಬೈಯೆಲ್ಲ ವಿ.ಟಿ. ಕಡೆಗೆ ನುಗ್ಗುವ ಹೊತ್ತಿನಲ್ಲಿ ಕರ್ಜತ್ ಲೋಕಲ್ ಹತ್ತಿದರೆ ಹೆಂಗಸರ ಡಬ್ಬಾದಲ್ಲಿ ಕಿಟಕಿ ಪಕ್ಕದ ಸೀಟೇ ಸಿಗುತ್ತದೆ. ಡೊಂಬಿವಲಿಯಲ್ಲಿ ಹತ್ತಿ ಅತ್ತೆಯನ್ನು ಅಲ್ಲಿ ಕೂರಿಸಿದ್ದೇನೆ. ಬೆಳಿಗ್ಗೆ ಚಾ ಕುಡಿಯುತ್ತ, “ಬಂದಾಗಿನಿಂದ ಎದುರು ಬಿಲ್ಡಿಂಗಿನ ಗೋಡೆ ನೋಡಿ ಸಾಕಾಯಿತು ಮಾರಾಯ್ತಿ” ಎಂದಿದ್ದರು. ಅಷ್ಟೇ. ಎರಡು ಕೊಡೆ, ನೀರು, ಉಳಿದ ನೀರುದೋಸೆ ಚೀಲಕ್ಕೆ ಬಿದ್ದವು.

ಬದ್ಲಾಪುರ ದಾಟುತ್ತಲೇ ಕಟ್ಟಡಗಳು ಹಿಂದೆ ಸರಿದು ಗದ್ದೆ ಶುರು. ಜುಲೈ ಮಳೆಯಲ್ಲಿ ಗೊರಬಿನಂಥದ್ದೇನೋ ಹೊದ್ದು ನೇಜಿ ನೆಡುತ್ತಿದ್ದಾರೆ. ಅತ್ತೆಯ ಮೂಗು ಕಿಟಕಿಯ ಸರಳಿಗೆ ತಾಗಿದೆ.

ನೇರಳ್‌ನಲ್ಲಿ ಇಳಿದರೆ ಮಾಥೇರಾನ್ ಬೆಟ್ಟದ ತುದಿಯೇ ಇಲ್ಲ, ಮೋಡ ನುಂಗಿದೆ. ಆದಮ್‌ಜೀ ಪೀರ್‌ಭಾಯ್ ಮನೆತನ ಹಣ ಹೂಡಿ 1907ರಲ್ಲಿ ಓಡಿಸಿದ ಪುಟ್ಟ ರೈಲು ಮಳೆಗಾಲದಲ್ಲಿ ಇಲ್ಲಿಂದ ಹತ್ತುವುದಿಲ್ಲ. ಶೇರ್ ಟ್ಯಾಕ್ಸಿಯೇ ಗತಿ. ತಿರುವು ತಿರುವಿಗೂ ಝರಿ, ಗಾಜಿನ ಮೇಲೆ ಹಬೆ, ನಾಲ್ವರ ಒದ್ದೆ ಬಟ್ಟೆಯ ವಾಸನೆ.

ದಸ್ತೂರಿ ನಾಕಾದಲ್ಲಿ ಟ್ಯಾಕ್ಸಿ ನಿಂತಿತು. ಮಾಥೇರಾನಿನೊಳಗೆ ಕಾರು, ಸ್ಕೂಟರ್ ಯಾವುದೂ ಹೋಗುವಂತಿಲ್ಲ. “ಘೋಡಾ, ಘೋಡಾ” ಎನ್ನುತ್ತ ಕುದುರೆಯವರು ಸುತ್ತುವರಿದರು. ಕೈಯಿಂದ ಎಳೆಯುವ ರಿಕ್ಷಾದ ಮಾತು ತೆಗೆದೆ. ಅವನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹೇಳಿದೆ. “ಕೋರ್ಟು ಹೇಳಬೇಕಿತ್ತಾ? ಮನುಷ್ಯರು ಎಳೆಯುವ ಗಾಡಿಯಲ್ಲಿ ನಾನು ಕೂರುವವಳಲ್ಲ” ಎಂದು ಅತ್ತೆ ಅಮನ್ ಲಾಡ್ಜ್ ಸ್ಟೇಷನ್ನಿನತ್ತ ನಡೆದೇಬಿಟ್ಟರು. ಮಳೆಗಾಲದಲ್ಲೂ ಇಲ್ಲಿಂದ ಪೇಟೆವರೆಗೆ ಶಟಲ್ ಇದೆ. ಎರಡಡಿ ಅಗಲದ ಹಳಿಯ ಮೇಲೆ ಡಬ್ಬಾ ಓಲಾಡುವಾಗ ಮರದ ಎಲೆಗಳು ಕಿಟಕಿಯೊಳಗೇ ಬಂದು ಹನಿ ಉದುರಿಸುತ್ತವೆ.

ಪೇಟೆಯ ಚಿಕ್ಕಿ, ಚಪ್ಪಲಿ ಅಂಗಡಿಗಳನ್ನು ದಾಟಿದ ಮೇಲೆ ದಾರಿ ಪೂರ್ತಿ ಕೆಂಪು. ಕೆಂಪು ನೀರು, ಕೆಂಪು ಕೆಸರು, ಸೀರೆಯ ಅಂಚೂ ಕೆಂಪು. ಅತ್ತೆ ಬಗ್ಗಿ ದಾರಿಬದಿಯ ಕಲ್ಲೊಂದನ್ನು ಸವರಿದರು. ತೂತುತೂತು.

“ಇದು ನಮ್ಮ ಮುರಕಲ್ಲೇ ಅಲ್ವನಾ?”

ಹೌದು. ಸಹ್ಯಾದ್ರಿಯ ಕಪ್ಪು ಬಸಾಲ್ಟಿನ ಮೇಲೆ ಈ ಬೆಟ್ಟದ ನೆತ್ತಿಗೆ ಮುರಕಲ್ಲಿನ ಹೊದಿಕೆ. ಉಡುಪಿಯಲ್ಲಿ ಅವರ ಮನೆಯ ಗೋಡೆ ಇದರದ್ದೇ. ಹೆದ್ದಾರಿಯಲ್ಲಿ ಒಂದು ದಿನ ಪೂರಾ ಪ್ರಯಾಣ ಮಾಡಿ ಬಂದವರಿಗೆ ಊರಿನ ಕಲ್ಲು ಎಂಟುನೂರು ಮೀಟರ್ ಎತ್ತರದಲ್ಲಿ ಸಿಕ್ಕಿದೆ! ಅಲ್ಲಿಂದ ಮುಂದೆ ನಾನೇ ಹಿಂದೆ ಬಿದ್ದೆ.

ಕೆರೆ ಮೊದಲು ಕಿವಿಗೆ ಸಿಗುತ್ತದೆ. ಕಟ್ಟೆಯ ಮೇಲಿಂದ ನೀರು ಧುಮುಕುವ ಸದ್ದು. ಆಮೇಲೆ ಪಿಸರನಾಥನ ಗುಡಿಯ ಗಂಟೆ. ಆಮೇಲೆ ಕಣ್ಣಿಗೆ, ಅದೂ ಅರ್ಧ. ಈಚೆಯ ಅರ್ಧದಲ್ಲಿ ಮಳೆಹನಿ ಕುಣಿಯುತ್ತಿದೆ. ಆಚೆಯ ಅರ್ಧ ಬೆಳ್ಳಗೆ, ಗಟ್ಟಿಯಾಗಿ, ಕಾಲಿಟ್ಟರೆ ನಡೆದುಹೋಗಬಹುದೇನೋ ಎಂಬಂತೆ ಮುಚ್ಚಿಕೊಂಡಿದೆ. ಹಿಮಾಲಯದ ಕೆರೆಗಳಲ್ಲಿ ಮಂಜುಗಡ್ಡೆ ಮಾಡುವ ಕೆಲಸವನ್ನು ಇಲ್ಲಿ ಮೋಡ ಮಾಡುತ್ತದೆ. ನೋಡುತ್ತಿದ್ದಂತೆ ಗಾಳಿ ತಿರುಗಿತು. ಆಚೆ ದಡದ ಮರಗಳು ಒಂದೊಂದೇ ಹೊರಬಂದವು; ಉಸಿರು ಬಿಡುವಷ್ಟರಲ್ಲಿ ಮತ್ತೆ ಮಾಯ, ಈಗ ಗುಡಿಯೂ ಇಲ್ಲ.

ಊರಿಗೆ ಕುಡಿಯುವ ನೀರು ಇದೇ ಕೆರೆಯದ್ದು, ಇಳಿಯುವಂತಿಲ್ಲ. ನಿಷೇಧದ ಬೋರ್ಡಿನ ಮುಂದೆಯೇ ಹುಡುಗರ ಗುಂಪೊಂದು ಅಂಗಿ ಬಿಚ್ಚುತ್ತಿದೆ. ಅತ್ತೆ ತಮ್ಮ ಹಿಂದಿಯಲ್ಲಿ ಗದರಿದರು. ಹಿಂದಿ ಅರ್ಥವಾಗದಿದ್ದರೂ ದನಿ ಅರ್ಥವಾಗಿರಬೇಕು. ಅಂಗಿಗಳು ಮರಳಿ ಮೈಗೇರಿದವು.

ಕೊಡೆಯ ಕೆಳಗೆ ನೀರುದೋಸೆ ಬಿಚ್ಚುವಷ್ಟರಲ್ಲಿ ಕೋತಿಯೊಂದು ಎರಡನ್ನು ಎತ್ತಿಕೊಂಡು ಹೋಯಿತು. ಉಳಿದದ್ದನ್ನು ನಿಂತೇ ತಿಂದೆವು. ಕೆಂಡದ ಮೇಲೆ ಸುಟ್ಟ ಜೋಳಕ್ಕೆ ನಿಂಬೆಹುಳಿ, ಉಪ್ಪು, ಖಾರ ಉಜ್ಜಿಸಿಕೊಂಡದ್ದು ಬೇರೆ.

“ಅತ್ತೆ, ಕೊನೆಯ ಶಟಲ್ ತಪ್ಪಿದರೆ ದಸ್ತೂರಿವರೆಗೆ ನಡೆಯಬೇಕು.”

“ನಡೆದರಾಯ್ತು” ಎಂದರು, ಇನ್ನೊಂದು ಜೋಳ ಆರಿಸುತ್ತ.