ಅಜ್ಜನ ಕಂಬಳಿ

ನಮ್ಮ ಗುಡಗೇರಿಯ ಕಡೆ ಹರಿದ ಅರಿವೆಗೆ ಕೌದಿಯಾಗುವ ಯೋಗವುಂಟು. ಹರಿದ ಕಂಬಳಿಯ ಯೋಗವನ್ನು ನಮ್ಮ ಅಜ್ಜಿಯಿಂದಲೇ ಕೇಳಬೇಕು.

ಅಜ್ಜ ತೀರಿದ ಮೇಲೆ ಅವನ ಕರಿಯ ಕಂಬಳಿ ವರುಷವಿಡೀ ಗೂಟದ ಮೇಲಿತ್ತು. ಮೆಡ್ಲೇರಿಯದು, 1997ರ ತನಕ ಅದೂ ನಮ್ಮ ಧಾರವಾಡ ಜಿಲ್ಲೆಯ ಊರೇ. ನುಸಿ ಹತ್ತಿದರೂ ಕತ್ತರಿ ಹಾಕಲು ಯಾರಿಗೂ ಮನಸ್ಸಿಲ್ಲ. ಕಡೆಗೆ ಅಜ್ಜಿಯೇ, “ಕಂಬಳಿ ಹರದೈತಿ, ಉಣ್ಣಿ ಹರದಿಲ್ಲೋ ತಮ್ಮಾ. ನುಸಿ ತಿನ್ನೂದಕ್ಕಿಂತ ಒಲಿ ಮುಂದ ದುಡೀಲಿ” ಎಂದಳು.

ನೇಯುವಾಗ ಕುರುಬರು ಹಚ್ಚುವ ಹುಣಸೆಬೀಜದ ಗಂಜಿ ಅಜ್ಜನ ಮಳೆಗಾಲಗಳಲ್ಲಿ ಎಂದೋ ತೊಳೆದುಹೋಗಿತ್ತು. ಬಿಸಿನೀರು, ಅಂಟವಾಳದ ನೊರೆ ಹಾಕಿ ಬಂಡೆಯ ಮೇಲೆ ತುಳಿದೆವು. ಉಣ್ಣೆಯ ಎಳೆಗೆ ಕಣ್ಣಿಗೆ ಕಾಣದ, ಮೀನಿನ ಹುರುಪೆಯಂಥ ಪದರುಗಳುಂಟು. ಬಿಸಿ, ತೇವ, ತಿಕ್ಕಾಟ ಮೂರೂ ಕೂಡಿದರೆ ಎಳೆಗಳು ಒಂದನ್ನೊಂದು ಹಿಡಿದು ಬಿಡಲೊಲ್ಲವು. ಕಂಬಳಿ ಕುಗ್ಗಿ ದಪ್ಪನಾಯಿತು; ಕತ್ತರಿಸಿದರೂ ಅಂಚು ಬಿಚ್ಚಲಿಲ್ಲ.

ಕೊಡಕ್ಕೊಂದು ಸಿಂಬಿ, ಹಂಚು ಹಿಡಿಯಲು ಎರಡು ತುಂಡು, ನಾನು ಓದಲು ಕೂಡುವ ಮಣೆಗೊಂದು ಹಾಸು. ಪೇಟೆಯ ಕೃತಕ ನೂಲಿನ ಹೊದಿಕೆ ಅಗ್ಗವೇನೋ ಸರಿ. ಅದರ ಚಿಂದಿ ಕಾದ ಹಂಚಿಗೆ ಕರಗಿ ಬೆರಳಿಗೆ ಅಂಟೀತು. ಉಣ್ಣೆ ಕರಗದು, ಹೆಚ್ಚೆಂದರೆ ಕರಕಲಾಗಿ ಕೂದಲು ಸುಟ್ಟ ವಾಸನೆ ಬಂದೀತು.

ಅಜ್ಜನ ಹೆಗಲಿಗೆ ಸವೆದ ಗೇಣಗಲದ ತುಂಡೊಂದು ಉಳಿದಿದೆ. ಅದನ್ನೇನು ಮಾಡುವುದೆಂದು ಅಜ್ಜಿ ಇನ್ನೂ ಹೇಳಿಲ್ಲ.