ಕೋವಿಯ ಮೊಳೆಗೆ ದುರ್ಬೀನು

ಭಾನುವಾರವೆಂದರೆ ಗೋಣಿಕೊಪ್ಪಲಿಗೆ ಸಂತೆ. ತರಕಾರಿ ಮೂಟೆಗಳು ಇಳಿಯುವ ಹೊತ್ತಿಗೆ ಊರಿನ ಅಂಚಿನ ರಸ್ತೆಯಲ್ಲಿ ಒಂಬತ್ತು ಮಂದಿ ಕತ್ತೆತ್ತಿ ನಿಂತಿದ್ದರು. ಒಬ್ಬರು ಮೇಲೆ ನೋಡಿದರೆ ಇನ್ನೊಬ್ಬರೂ ನೋಡುವುದು ಲೋಕರೂಢಿ. ಟೊಮೆಟೊ ಬುಟ್ಟಿ ಹೊತ್ತವನೂ ನಿಂತ.

"ಏನುಂಟು ಸಾರ್ ಮೇಲೆ?"

"ಹಕ್ಕಿ."

"ಅದು ದಿನಾ ಉಂಟಲ್ಲ!" ಎಂದು ಅವನು ನಡೆದೇ ಬಿಟ್ಟ.

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಎಲೆಯೆಲ್ಲ ಉದುರಿಸಿ ಕೆಂಪು ಹೂ ಹೊತ್ತು ನಿಂತ ಹಾಲುವಾಣದ ಮರ ಅದು. ಕಾಫಿಗೆ ನೆರಳಾಗಲಿ, ಕರಿಮೆಣಸಿನ ಬಳ್ಳಿಗೆ ಆಸರೆಯಾಗಲಿ ಎಂದು ನೆಟ್ಟ ಮರ ಹೂಬಿಟ್ಟಾಗ ಪುಕ್ಕಟೆ ಹೋಟೆಲಾಗುತ್ತದೆ. ಗೊರವಂಕ, ಗಿಳಿ, ಪಿಕಳಾರ, ಸೂರಕ್ಕಿ ಎಲ್ಲಕ್ಕೂ ಅಲ್ಲೇ ನಾಷ್ಟಾ. ಕಾಜಾಣ ಒಂದು ಮಾತ್ರ ತಾನೂ ತಿಂದು, ಪಕ್ಕದವರನ್ನೂ ಓಡಿಸುತ್ತಿತ್ತು.

ಆ ಒಂಬತ್ತರಲ್ಲಿ ಇಬ್ಬರು ಪೊನ್ನಂಪೇಟೆ ಅರಣ್ಯ ಕಾಲೇಜಿನ ಹುಡುಗರು. 1995ರಲ್ಲಿ ಶುರುವಾದ ಆ ಕಾಲೇಜಿನ ದೆಸೆಯಿಂದ ಈ ಸೀಮೆಯಲ್ಲಿ ಹಕ್ಕಿಯ ಲ್ಯಾಟಿನ್ ಹೆಸರು ಹೇಳುವವರಿಗೆ ಬರವಿಲ್ಲ. ಹೋಂಸ್ಟೇಗೆ ಬಂದ ಬೆಂಗಳೂರಿನ ದಂಪತಿ, ಒಬ್ಬರು ನಿವೃತ್ತ ಮೇಷ್ಟ್ರು, ಅವರು ಎಳೆತಂದ ಮೂವರು ಮಕ್ಕಳು. ಒಂಬತ್ತನೆಯವನು ಇದನ್ನು ಬರೆಯುತ್ತಿರುವಾತ. ಅವನ ದುರ್ಬೀನು ಮನೆಯಲ್ಲಿ ತೂಗುವುದು ಅಜ್ಜನ ಕೋವಿ ತೂಗುತ್ತಿದ್ದ ಮೊಳೆಗೆ. ಕೋವಿ ಈಗ ಬೀರುವಿನೊಳಗೆ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಹೊರಬಂದು, ಹೂ ಮುಡಿದು, ಮತ್ತೆ ಒಳಗೆ.

ಕೊಡಗಿನಲ್ಲಿ ಕೋವಿಗೆ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಬೇಟೆ ಮಾತ್ರ 1972ರ ವನ್ಯಜೀವಿ ಕಾಯ್ದೆಯಿಂದಾಚೆ ಕಥೆಯಾಯಿತು. ಅದಕ್ಕೂ ಮುಂಚೆ ಇದೇ ತೋಟಗಳ ಅಂಚಿನಲ್ಲಿ, ಇದೇ ನಸುಕಿನಲ್ಲಿ, ಇಷ್ಟೇ ಜನ ಗುಂಪಾಗಿ ಹೊರಡುತ್ತಿದ್ದರು. ಬಿಳಿ ಅಂಗಿ ಬೇಡ, ಮಾತು ಬೇಡ, ಗಾಳಿ ಎತ್ತಣದ್ದು ನೋಡು, ಒಣಗಿದ ಎಲೆ ತುಳಿಯಬೇಡ. ಹಕ್ಕಿ ನೋಡುವವರ ತಂಡದ ಮುಂದಾಳು ಹೇಳುವ ಕಟ್ಟಳೆಗಳೂ ಇವೇ. ಹಿಂದಿರುಗಿ ಬಂದ ಮೇಲೆ ಕಂಡದ್ದಕ್ಕೆ ನಾಲ್ಕು ಪಾಲು ಸೇರಿಸಿ ಹೇಳುವುದರಲ್ಲೂ ಎರಡು ತಲೆಮಾರಿಗೆ ಅಂತರವಿಲ್ಲ.

ಪಕ್ಷಿಶಾಸ್ತ್ರವೂ ಕೋವಿಯ ಹೆಗಲ ಮೇಲೇ ಬಂದದ್ದು. 1929ರಲ್ಲಿ ಎಫ್. ಎನ್. ಬೆಟ್ಸ್ ಕೊಡಗಿನ ಹಕ್ಕಿಗಳ ಬಗ್ಗೆ, ಅದೇ ಹೊತ್ತಿಗೆ ಜೆ. ಎ. ಯೇಟ್ಸ್ ಕೊಡಗಿನ ಚಿಟ್ಟೆಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಚೀಟಿ ಕಟ್ಟಿ ಗುರುತು ಹಿಡಿಯುತ್ತಿದ್ದ ಕಾಲ ಅದು. ಸಲೀಂ ಅಲಿಯವರೂ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಮಾದರಿಗಳನ್ನು ಕೂಡಿಹಾಕಿದರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದೂ ಅವರ ಮಾತಿನಿಂದಲೇ. ಕನ್ನಡದ ಓದುಗರ ಕಣ್ಣನ್ನು ಮರದ ತುದಿಗೆ ತಿರುಗಿಸಿದವರು ಪೂರ್ಣಚಂದ್ರ ತೇಜಸ್ವಿ. ಆ ಮೇಷ್ಟ್ರ ಚೀಲದಲ್ಲಿ ಇವತ್ತಿಗೂ ಇರುವುದು ಕಾಫಿ ಕಲೆ ಬಿದ್ದ 'ಹಕ್ಕಿ ಪುಕ್ಕ'.

ತಂಡ ತೋಟದೊಳಗೆ ಇಳಿಯಿತು. ಪಂಚಾಂಗ ಏನೇ ಹೇಳಲಿ, ಇಲ್ಲಿ ವಸಂತ ಬರುವುದು ಹೂಮಳೆಯ ಲೆಕ್ಕದಲ್ಲಿ. ಒಂದು ಒಳ್ಳೆಯ ಮಳೆ, ಅದಿಲ್ಲದಿದ್ದರೆ ಸ್ಪ್ರಿಂಕ್ಲರ್. ವಾರ ಹತ್ತು ದಿನಕ್ಕೆ ರೊಬಸ್ಟಾ ಗಿಡ ಬುಡದಿಂದ ತುದಿಯವರೆಗೆ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ವಾಸನೆ, ಅದರೊಳಗೆ ಹೆಜ್ಜೇನಿನ ಮೊರೆತ. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಅದನ್ನು ಹೊತ್ತು ತರುವವರಲ್ಲಿ ಈ ಹೆಜ್ಜೇನೂ ಸೇರಿದೆ. ಬೆಂಗಳೂರಿನವರು ಮೊಬೈಲ್ ಹಿಡಿದು ಹೂವಿನ ಪಕ್ಕ ನಿಂತರು. ಒಂದು ಜೇನು ಕಿವಿಯ ಬಳಿ ಸುಳಿದದ್ದೇ ಫೋಟೋ ಕಾರ್ಯಕ್ರಮ ಮುಗಿಯಿತು.

ಆಗಲೇ ಒಬ್ಬ ಹುಡುಗ "ಹಕ್ಕಿ!" ಎಂದ. ಹಕ್ಕಿಯಲ್ಲ, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಹುಡುಗನನ್ನು ದೂರುವಂತಿಲ್ಲ: 1932ರಲ್ಲಿ ಅಳೆದ ಒಂದರ ರೆಕ್ಕೆಯಗಲ 190 ಮಿಲಿಮೀಟರ್. ದೇಶದಲ್ಲೇ ದೊಡ್ಡದೆಂಬ ಆ ದಾಖಲೆಯನ್ನು 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಬರೀ ನಾಲ್ಕು ಮಿಲಿಮೀಟರಿನಲ್ಲಿ ಕಸಿದುಕೊಂಡಿತು. ಮೈಯಲ್ಲಿ ಕೆಂಪು ಹಳದಿ ಹೊತ್ತು ಕನ್ನಡ ಬಾವುಟದಂತೆ ಹಾರುವ ಇದರ ಹುಳು ತಿನ್ನುವುದು ಈಶ್ವರಿ ಬಳ್ಳಿಯ ಜಾತಿಯ ಎಲೆಗಳನ್ನು. ಕಳೆ ಎಂದು ಅದನ್ನು ಸವರಿ ಹಾಕುವವರೂ ನವೆಂಬರ್ ಒಂದಕ್ಕೆ ಬಾವುಟ ಹಾರಿಸುತ್ತಾರೆ.

ಕೀರೆಹೊಳೆಯ ಹತ್ತಿರ ತೋಟದ ಕಾರ್ಮಿಕನೊಬ್ಬ ಎದುರಾದ. "ಆಚೆ ಹೋಗಬೇಡಿ, ರಾತ್ರಿಯಿಂದ ಆನೆ ಉಂಟು. ಮೊನ್ನೆ ನರಿಯೂ ದನ ಹಿಡಿದಿದೆ."

"ನರಿ ದನ ಹಿಡಿಯುತ್ತದಾ?" ಬೆಂಗಳೂರಿನಾಕೆ ನಕ್ಕರು.

ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ ಮಾಡುತ್ತಿದ್ದ ಗೌರವಕ್ಕೆ ನರಿ ಮಂಗಲ ಎಂದೇ ಹೆಸರು. ಮೇಷ್ಟ್ರು ಇದನ್ನು ವಿವರಿಸಿ ಮುಗಿಸುವುದರೊಳಗೆ ಆಕೆ ಜೀಪಿನ ದಿಕ್ಕಿಗೆ ಇಪ್ಪತ್ತು ಹೆಜ್ಜೆ ನಡೆದಾಗಿತ್ತು.

ಪಟ್ಟಿ ಮೂವತ್ತೊಂದಕ್ಕೆ ನಿಂತಿತು. ಕೊನೆಯ ಸಾಲು: ಕಾಡುಕೋಳಿ, ಎರಡು, ಕೂಗು ಮಾತ್ರ. ಮನೆಯಲ್ಲಿ ಅದನ್ನು ಓದಿಸಿಕೊಂಡ ಅಜ್ಜ, ತೊಂಬತ್ತರ ಹೊಸ್ತಿಲಲ್ಲಿರುವವರು, ಕೆಮ್ಮು ಬರುವಷ್ಟು ನಕ್ಕರು.

"ಕೂಗಿದ್ದನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದರೆ ಈ ಜಿಲ್ಲೆಯಲ್ಲಿ ನನ್ನಂಥ ಬೇಟೆಗಾರ ಇರುತ್ತಿರಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಎಲ್ಲಿ ಕೂಗಿತು?"

"ಹೊಳೆಯಾಚೆ, ಬಿದಿರು ಮೆಳೆಯಲ್ಲಿ."

"ಆ ಮೆಳೆ ಇನ್ನೂ ಉಂಟಾ?"

"ಅರ್ಧ ಉಂಟು, ಅಜ್ಜ."